ಗೌರಕ್ಕನ ಬಾಣಂತನ

ಹೆಬ್ಬಳ್ಳಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮಂದಿ ಮೊದಲು ಕೇಳುವುದು ಗಂಡೋ ಹೆಣ್ಣೋ ಎಂದು. ಆಮೇಲೆ ಕೇಳುವುದು, ಗೌರಕ್ಕನಿಗೆ ಹೇಳಿ ಕಳಿಸಿದಿರೇನು ಎಂದು. ಅಂಥ ಹೆಸರು ಗೌರಕ್ಕನದು. ಬಾಣಂತಿಗೆ ಯಾವ ದಿನ ಯಾವ ಖಾರ, ಕೂಸಿನ ನೆತ್ತಿಗೆ ಎಣ್ಣೆ ಎಷ್ಟು ಬೆಚ್ಚಗಿರಬೇಕು, ಶೆಗಡಿಯಲ್ಲಿ ಕೆಂಡ ಎಷ್ಟು, ಲೋಬಾನದ ಹೊಗೆ ಎಷ್ಟು ಹೊತ್ತು, ಎಲ್ಲ ಅವಳಿಗೆ ಕರತಲಾಮಲಕ. ಅವಳ ಕೈಯಲ್ಲಿ ಎರೆಸಿಕೊಂಡ ಕೂಸುಗಳು ಈಗ ಮೀಸೆ ತಿರುವುತ್ತ ಟ್ರ್ಯಾಕ್ಟರ್ ಓಡಿಸುತ್ತಿವೆ. ಹೆಸರು ಬಂದ ಮೇಲೆ ಗರ್ವ ಬರದೆ ಇರುತ್ತದೆಯೇ? ಎತ್ತಿನ ಹಿಂದೆ ಬಂಡಿ ಬಂದೇ ಬರುತ್ತದೆ. ಗೌರಕ್ಕನಿಗೂ ಬಂದಿತ್ತು, ಅದನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ.

ಹೀಗಿರುವಾಗ ಅವಳ ಸ್ವಂತ ಮಗಳು ದಾಕ್ಷಾಯಿಣಿ ಹಡೆದಳು. ಒಬ್ಬಳೇ ಮಗಳು. ಮದುವೆಯಾಗಿ ಎಷ್ಟೋ ವರ್ಷ ಮಡಿಲು ತುಂಬದೆ, ಕಂಡ ಕಂಡ ಗುಡಿಗೆ ಸುತ್ತು ಹಾಕಿ, ಹುಬ್ಬಳ್ಳಿಯ ಡಾಕ್ಟರರ ಬಾಗಿಲು ತಿರುಗಿ, ಕೊನೆಗೊಮ್ಮೆ ಆದ ಕೂಸು. ಹೆರಿಗೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಆಯಿತು. ತ್ರಾಸಿನ ಹೆರಿಗೆ. ನೀರು ಮುಂಚೆಯೇ ಹೋಗಿತ್ತು, ಕೂಸು ಮರುದಿನದ ತನಕ ಸತಾಯಿಸಿತು, ತಾಯಿಗೆ ಹೊಲಿಗೆ ಬಿದ್ದವು. ಹೆಣ್ಣು ಕೂಸು. ಗದ್ದದಲ್ಲಿ ಗೌರಕ್ಕನಿಗಿದ್ದಂತೆಯೇ ಒಂದು ಸಣ್ಣ ಕುಳಿ. ಅದನ್ನು ನೋಡಿ ಗೌರಕ್ಕ ಆಸ್ಪತ್ರೆಯ ಆಯಾಗಳಿಗೆಲ್ಲ ಪೇಢೆ ಹಂಚಿದಳು.

ಜಗಳ ಹುಟ್ಟಿದ್ದು ಆಸ್ಪತ್ರೆಯಿಂದ ಬಿಡುವ ದಿನ. ದಾಕ್ಷಾಯಿಣಿಯ ಅತ್ತೆ ನೀಲಕ್ಕನ ಮನೆ ಅಲ್ಲೇ ವಿದ್ಯಾನಗರದಲ್ಲಿ. ಅವಳ ಗಂಡ, ಮಗ ರಾಜಶೇಖರ ಇಬ್ಬರೂ ಹತ್ತಿ ವ್ಯಾಪಾರಸ್ಥರು. ನೀಲಕ್ಕ ಮೆಲ್ಲಗೆ ಮಾತು ತೆಗೆದಳು.

"ಗೌರಕ್ಕಾರ, ತವರಮನಿ ಹಕ್ಕು ನಾ ಇಲ್ಲ ಅನ್ನೂದಿಲ್ರಿ. ಆದ್ರ ಹೆರಿಗಿ ಭಾಳ ತ್ರಾಸ ಆಗೇತಿ. ನಮ್ಮನಿಯಿಂದ ದವಾಖಾನಿ ಕೂಗಳತಿ. ಈ ಸಲ ಇಲ್ಲೇ ಇರಲಿ. ನೀವೂ ಬಂದು ಇರ್ರಿ, ನಿಮ್ಮ ಕೈಯಾಗs ಬಾಣಂತನ ಆಗಲಿ."

ಮಾತಿನಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. ಆದರೂ ಗೌರಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಚೊಚ್ಚಲ ಬಾಣಂತನ ತವರಿನದು. ಊರ ಮಂದಿಯ ಬಾಣಂತನ ಮಾಡಿದವಳು ಹೆತ್ತ ಮಗಳದನ್ನು ಬೀಗತಿಯ ಮನೆಯಲ್ಲಿ, ಬೀಗತಿಯ ಒಲೆಯ ಮುಂದೆ ಕುಳಿತು, ಉಪ್ಪೆಲ್ಲಿ ಮೆಣಸೆಲ್ಲಿ ಎಂದು ಕೇಳಿ ಕೇಳಿ ಮಾಡಬೇಕೇ? ಹೆಬ್ಬಳ್ಳಿಯ ಮಂದಿ ಏನಂದಾರು?

"ಹತ್ತು ಹಡದಾಕಿಗೆ ಒಂದು ಹಡದಾಕಿ ಮುಕ್ಕೂದು ಕಲಿಸಿದ್ಲಂತ," ಎಂದಳು, ಗೋಡೆಗೆ ಹೇಳಿದ ಹಾಗೆ.

ನೀಲಕ್ಕ ಹಡೆದದ್ದು ರಾಜಶೇಖರ ಒಬ್ಬನನ್ನೇ. ಹಾಗೆ ನೋಡಿದರೆ ಗೌರಕ್ಕ ಹಡೆದದ್ದೂ ಒಬ್ಬಳನ್ನೇ. ಆದರೆ ಅವಳ ಮನಸ್ಸಿನಲ್ಲಿ ಊರ ಕೂಸುಗಳೆಲ್ಲ ಅವಳ ಪಾಲಿಗೇ ಜಮಾ. ಮಾತು ತಾಗಬೇಕಾದಲ್ಲಿ ತಾಗಿತು. ನೀಲಕ್ಕ ಸೊಸೆಯ ಬಟ್ಟೆಬರೆ ಚೀಲಕ್ಕೆ ತುಂಬತೊಡಗಿದಳು.

ಹೊರಡುವ ಮುಂದೆ ಡಾಕ್ಟರ್ ಪ್ರಾಚಿ ಬಂದಳು. ಸಣ್ಣ ವಯಸ್ಸಿನವಳು, ಬಾಯಿ ತುಂಬ ಮಾತಾಡುವವಳು. "ಮೈ ಬಿಸಿ ಆದ್ರ, ಚಳಿ ಬಂದ್ರ, ಕೆಟ್ಟ ವಾಸನಿ ಬಂದ್ರ, ಕೂಸು ಹಾಲು ಬಿಟ್ರ, ತಡಾ ಮಾಡಬ್ಯಾಡ್ರಿ. ಸೀದಾ ಕರ್ಕೊಂಡು ಬರ್ರಿ, ತಿಳೀತೇನ್ರಿ ಯವ್ವಾ?" ಎಂದಳು. ಗೌರಕ್ಕ ಗೋಣು ಹಾಕಿದಳು. ಗೋಣು ಹಾಕುವುದಕ್ಕೂ ಮಾತು ಕಿವಿಗೆ ಬೀಳುವುದಕ್ಕೂ ನಮ್ಮ ಕಡೆ ಬಹಳ ಅಂತರ ಉಂಟು.

ಹೆಬ್ಬಳ್ಳಿಯ ಮನೆಯ ನಡುಗೋಣೆಯಲ್ಲಿ ಬಾಣಂತಿಯ ಹೊರಸು ಸಿದ್ಧವಾಗಿತ್ತು. ಇದ್ದೊಂದು ಕಿಟಕಿಗೆ ಗೌರಕ್ಕ ಗೋಣಿತಾಟು ತುರುಕಿದ್ದಳು. ಹೊರಸಿನ ಕೆಳಗೆ ಶೆಗಡಿ, ಅದರ ತುಂಬ ನಿಗಿನಿಗಿ ಕೆಂಡ. ದಾಕ್ಷಾಯಿಣಿಯ ತಲೆಗೆ ಬಿಗಿಯಾಗಿ ಬಟ್ಟೆ, ಕಿವಿಗೆ ಅರಳೆ, ಮೈಮೇಲೆ ಕೌದಿ. ಪಕ್ಕದಲ್ಲಿ ಪದರು ಪದರಾಗಿ ಸುತ್ತಿದ ಕೂಸು, ಮೂಗು ಮಾತ್ರ ಹೊರಗೆ. ಹೊತ್ತು ಮೂಡಿದಾಗ ಒಮ್ಮೆ, ಮುಳುಗಿದಾಗ ಒಮ್ಮೆ ಲೋಬಾನದ ಹೊಗೆ. ಒಳಗೆ ಕಾಲಿಟ್ಟರೆ ಕಣ್ಣು ಉರಿದು ನೀರು ಇಳಿಯಬೇಕು, ಹಾಗಿತ್ತು ಆ ಕೋಣೆ. ಗೌರಕ್ಕನ ಗಂಡ ಸಿದ್ದಪ್ಪ ಬಾಗಿಲಲ್ಲಿ ನಿಂತು ಮೊಮ್ಮಗಳ ಮುಖ ನೋಡಿ, ಕೆಮ್ಮುತ್ತ ಹೊರಗೆ ಹೋಗುತ್ತಿದ್ದ.

"ಅವ್ವಾ, ಝಳಾ ತಡಕೊಳ್ಳಾಕ ಆಗವಲ್ದು," ಎಂದರೆ, "ಈಗ ಥಂಡಿ ಹೊಕ್ಕರ ಮುಪ್ಪಿನ್ಯಾಗ ಸೊಂಟಾ ಹಿಡೀತೈತಿ. ಆವಾಗ ನಾ ಇರ್ತೇನೇನು ತಿಕ್ಕಾಕ? ಸುಮ್ನ ಮಲ್ಕೊ," ಎಂದು ಗದರುತ್ತಿದ್ದಳು.

ಆದರೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಮೊದಮೊದಲು ಎಲ್ಲ ಛಲೋ ನಡೆಯಿತು. ಗೌರಕ್ಕ ತಾನು ಹೊತ್ತಿಗೆ ಸರಿಯಾಗಿ ಉಂಡಳೋ ಇಲ್ಲವೋ, ಮಗಳಿಗೆ ಮಾತ್ರ ಬಿಸಿ ಬಿಸಿ ಮೆಣಸಿನ ಸಾರು, ತುಪ್ಪ ಸುರಿದ ಅನ್ನ, ಅಂಟಿನುಂಡಿ. ಎದೆಹಾಲು ಧಾರಾಳ ಇಳಿಯಿತು. ಕೂಸು ಹಾಲಿಗಾಗಿ ಅತ್ತರೆ ಊರ ಅಗಸಿ ಬಾಗಿಲ ತನಕ ಕೇಳಬೇಕು. ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿ ನೀರೆರೆಯುವಾಗ ಗೌರಕ್ಕ ಹಾಡಿದ್ದೇ ಹಾಡಿದ್ದು. ಆ ದಿನಗಳಲ್ಲಿ ಅವಳಷ್ಟು ಸುಖಿ ಹೆಂಗಸು ಧಾರವಾಡ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಾಗ ದಾಕ್ಷಾಯಿಣಿಯ ಮೈ ಬಿಸಿಯಾಯಿತು. ಗೌರಕ್ಕ ಹಣೆ ಮುಟ್ಟಿದಳು, ಕೊರಳು ಮುಟ್ಟಿದಳು. ಬಿಸಿ ಇತ್ತು, ನಿಜ. ಆದರೆ ಕೆಂಡದ ಮೇಲೆ ಮಲಗಿದವಳ ಮೈ ಬಿಸಿ ಇರದೆ ತಣ್ಣಗಿರುತ್ತದೆಯೇ? ಶೆಗಡಿಯ ಕಾವು ಎಂದುಕೊಂಡಳು. ಸಂಜೆಗೆ ಮಗಳು ಗಡಗಡ ನಡುಗಿದಳು, ಹಲ್ಲು ಕಟಕಟ ಕಡಿದಳು. "ನೋಡಿದ್ಯಾ, ಥಂಡಿ ಹೊಕ್ಕೇತಿ. ನಿನ್ನೆ ನನ್ನ ಕಣ್ಣು ತಪ್ಪಿಸಿ ತಲಿಬಟ್ಟಿ ಬಿಚ್ಚಿದ್ದಿ, ನನಗ ಗೊತ್ತಿಲ್ಲೇನು?" ಎಂದು ಗೌರಕ್ಕ ಇನ್ನೊಂದಿಷ್ಟು ಕೆಂಡ ಸುರಿದು, ಇನ್ನೊಂದು ಕೌದಿ ಹೊಚ್ಚಿದಳು. ಮೈಯಿಂದ ಹೋಗುವುದರ ವಾಸನೆಯೂ ಕೆಟ್ಟಿತ್ತು. ಆದರೆ ಲೋಬಾನದ ಹೊಗೆಯಲ್ಲಿ ಕುಳಿತ ಮೂಗಿಗೆ ಬೇರೆ ವಾಸನೆ ಎಲ್ಲಿಯದು? ಹಾಲು ಕಟ್ಟಿದರೂ ಒಂದಿಷ್ಟು ಜ್ವರ ಬರುತ್ತದೆ, ಅವಳು ಎಷ್ಟು ಬಾಣಂತಿಯರಲ್ಲಿ ನೋಡಿಲ್ಲ? ತಾನಾಗಿ ಬಂದದ್ದು ತಾನಾಗಿ ಹೋಗುತ್ತದೆ.

ಅದರ ಮರುದಿನವೇ ಪೂನಮ್ ಬಂದಳು. ಊರಿನ ಆಶಾ ಕಾರ್ಯಕರ್ತೆ. ಬಾಣಂತಿ, ಕೂಸು ಇದ್ದ ಮನೆಗಳಿಗೆ ಹೋಗಿ ಜ್ವರ ನೋಡುವುದು, ಕೂಸನ್ನು ತೂಗುವುದು ಅವಳ ಕೆಲಸ. ಗೌರಕ್ಕ ಅವಳನ್ನು ಪಡಸಾಲೆಯಲ್ಲೇ ಚಾಪೆ ಹಾಕಿ ಕೂರಿಸಿದಳು, ಚಹಾ ಕೊಟ್ಟಳು. ಚಹಾ ಕೊಟ್ಟದ್ದು ಬೇರೆಯ ಕಪ್ಪಿನಲ್ಲಿ.

"ಬಾಣಂತೀನ್ನ ಒಮ್ಮೆ ನೋಡ್ತೇನ್ರಿ ಯವ್ವಾರ," ಎಂದಳು ಪೂನಮ್.

"ಬ್ಯಾಡ ತಂಗಿ, ಹೊರಗಿನ ಗಾಳಿ ತಾಗೀತು. ಈಗರೆ ಕಣ್ಣು ಹತ್ತೇತಿ ಆಕಿಗೆ. ಕೂಸಿನ್ನ ತರ್ತೇನಿ, ಇಲ್ಲೇ ನೋಡು."

ಗಾಳಿಯ ಮಾತು ಬರೀ ನೆಪ. ಮಧ್ಯಾಹ್ನವಷ್ಟೇ ಓಣಿಯ ಹೆಂಗಸರು ನಾಲ್ಕು ಮಂದಿ ಒಳಗೆ ಕುಳಿತು ಹರಟಿ ಹೋಗಿದ್ದರು, ಅವರಿಗಿಲ್ಲದ ಗಾಳಿ ಇವಳಿಗೆ ಎಲ್ಲಿಂದ ಬಂತು? ಪೂನಮ್ ಕೆಳಗಿನ ಓಣಿಯವಳು, ಅಷ್ಟೇ ವಿಷಯ. ದಿನವೂ ಬಸವಣ್ಣನ ಫೋಟೋಕ್ಕೆ ಊದಿನಕಡ್ಡಿ ಬೆಳಗುವ ಮನೆಯಲ್ಲಿ ಅವಳು ಪಡಸಾಲೆ ದಾಟಿ ಒಳಗೆ ಬರುವಂತಿರಲಿಲ್ಲ. ಪೂನಮ್‌ಗೂ ಅದು ಗೊತ್ತು. ಹುಟ್ಟಿದಾಗಿನಿಂದ ಗೊತ್ತಿದ್ದದ್ದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಗೌರಕ್ಕ ಕೂಸನ್ನು ಎತ್ತಿ ತಂದಳು. ಪೂನಮ್ ಅದರ ಕಂಕುಳಲ್ಲಿ ಜ್ವರದ ಕಡ್ಡಿ ಇಟ್ಟು ನೋಡಿದಳು. ಈಗಷ್ಟೇ ಕೆಂಡದ ಮೇಲಿಂದ ಎದ್ದು ಬಂದ ಕೂಸು, ಬೆಚ್ಚಗೇ ಇತ್ತು.

"ಹಾಲು ಕುಡೀತೈತೇನ್ರಿ?"

"ಕುಡದು ಕುಡದs ಮಲಗೇತಿ ನೋಡು."

"ಅವ್ರಿಗೆ ಜ್ವರಾ ಗಿರಾ ಏನಿಲ್ಲಲ್ರಿ?"

"ಏನಿಲ್ಲ. ನಾ ಇದ್ದೇನಲ್ಲ."

ಪೂನಮ್ ಒಳಬಾಗಿಲ ಕಡೆ ಇನ್ನೊಮ್ಮೆ ನೋಡಿದಳು. ಆಮೇಲೆ ಕಪ್ಪು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ ಹೋದಳು.

ಅಂದು ರಾತ್ರಿಯಿಂದ ಕೂಸು ಅಳುವುದು ಕಡಿಮೆಯಾಯಿತು. "ಅವ್ವಾ, ಮಲೀ ಹಿಡೀವಲ್ದು. ಬಾಯಾಗ ಇಟ್ರೂ ಚೀಪವಲ್ದು," ಎಂದು ದಾಕ್ಷಾಯಿಣಿ ತನ್ನ ಜ್ವರದ ಗುಂಗಿನಲ್ಲೇ ಎರಡು ಮೂರು ಸಲ ಹೇಳಿದಳು. "ಹೊಟ್ಟಿ ತುಂಬೇತಿ, ಮಲಗೇತಿ. ಅಳೂ ಕೂಸು ಬೇಕೇನು ನಿನಗ? ನನ್ನ ಮೊಮ್ಮಗಳು ಶಾಣ್ಯಾಕಿ," ಎಂದಳು ಗೌರಕ್ಕ. ಸುಮ್ಮನಿದ್ದ ಕೂಸನ್ನು ಶಾಣ್ಯಾ ಕೂಸು ಎಂದು ಹೊಗಳುವುದು ನಮ್ಮ ರೂಢಿ. ಓಣಿಯ ಮಂದಿಯೂ ಅದನ್ನೇ ಅಂದರು. ಮಂದಿಯ ಕಣ್ಣು ತಾಗೀತೆಂದು ಗೌರಕ್ಕ ಉಪ್ಪು ಮೆಣಸಿನಕಾಯಿ ಇಳಿತೆಗೆದಳು.

ತೊಟ್ಟಿಲ ದಿನ ಮನೆ ತುಂಬ ಮಂದಿ. ಬೀಗರು ಕಾರು ತುಂಬ ಬಂದಿದ್ದರು, ಬೆಳ್ಳಿ ಕಡಗ, ಹೊಸ ತೊಟ್ಟಿಲು, ಬುಟ್ಟಿ ತುಂಬ ಕುಪ್ಪಸದ ಕಣ. ದಾಕ್ಷಾಯಿಣಿಗೆ ಎದ್ದು ಕೂರಲೂ ಆಗಲಿಲ್ಲ. "ಬಾಣಂತಿ ಸುಸ್ತು, ಮಲಗಲಿ ಬಿಡ್ರಿ," ಎಂದು ಗೌರಕ್ಕ ಕೂಸನ್ನಷ್ಟೇ ಎತ್ತಿ ಪಡಸಾಲೆಗೆ ತಂದಳು. ಹೊದಿಕೆಗಳನ್ನೆಲ್ಲ ಬಿಚ್ಚಿ, ತೆಳ್ಳನೆಯ ಹೊಸ ಅಂಗಿ ತೊಡಿಸಿದಳು. ತೊಟ್ಟಿಲ ಆಚೆ ಈಚೆ ಮುತ್ತೈದೆಯರು ನಿಂತರು. ಕೂಸನ್ನು ತೊಟ್ಟಿಲ ಮೇಲಿನಿಂದ ಒಬ್ಬಳು ಕೊಡುವುದು, ಕೆಳಗಿನಿಂದ ಇನ್ನೊಬ್ಬಳು ತೆಗೆದುಕೊಳ್ಳುವುದು, ಹೀಗೆ ಸುತ್ತು ಬರುವ ಶಾಸ್ತ್ರ. ಹಾಡು ಶುರುವಾಯಿತು. ಕೂಸು ಕೈಯಿಂದ ಕೈಗೆ ಹೋಯಿತು. "ಎಷ್ಟು ಶಾಣ್ಯಾ ನೋಡ, ಇಷ್ಟು ಮಂದಿ ಮುಟ್ಟಿದ್ರೂ ಕಿಮಕ್ ಅನ್ನವಲ್ದು," ಎಂದಳು ಒಬ್ಬಳು. ಎಲ್ಲರೂ ನಕ್ಕರು. ಗೌರಕ್ಕನೂ ನಕ್ಕಳು.

ಸುತ್ತು ಬಂದು ಬಂದು ಕೂಸು ನೀಲಕ್ಕನ ಕೈಗೆ ಬಂತು. ನೀಲಕ್ಕ ಅದನ್ನು ಮುಂದೆ ಕೊಡಲಿಲ್ಲ. ಎದೆಗೆ ಒತ್ತಿಕೊಂಡಳು, ಪಾದ ಹಿಡಿದು ನೋಡಿದಳು, ಕೆನ್ನೆಗೆ ಕೆನ್ನೆ ಇಟ್ಟಳು.

"ಗೌರಕ್ಕಾರ," ಎಂದಳು, "ಕೂಸು ಯಾಕ ಹಿಂಗ ಥಣ್ಣಗೈತ್ರಿ?"

ಹಾಡು ನಿಂತಿತು. ಗೌರಕ್ಕ ಬಂದು ಮುಟ್ಟಿದಳು. ಎಷ್ಟೋ ಕೂಸುಗಳನ್ನು ಮುಟ್ಟಿದ ಕೈ ಅದು. ಆ ಕೈಗೆ ಒಂದೇ ಗಳಿಗೆಯಲ್ಲಿ ಎಲ್ಲ ತಿಳಿಯಿತು. ಕೂಸಿನ ತುಟಿ ನೀಲಿಗಟ್ಟಿತ್ತು. ಕೈಯೆತ್ತಿ ಬಿಟ್ಟರೆ ಕೈ ಹಾಗೇ ಜೋತು ಬಿತ್ತು. ಕೆಂಡ ಬಿಟ್ಟು ಹೊರಗೆ ಬಂದದ್ದೇ ತಡ, ಅಷ್ಟು ದಿನ ಆ ಕೋಣೆ ಮುಚ್ಚಿಟ್ಟದ್ದೆಲ್ಲ ಬಯಲಿಗೆ ಬಿದ್ದಿತ್ತು. ಅಯ್ಯೋ ಶಿವನೇ ಎಂದು ಗೌರಕ್ಕ ಒಳಗೆ ಓಡಿದಳು. ಮಗಳು ಕಣ್ಣು ಅರೆತೆರೆದು ಏನೋ ಬಡಬಡಿಸುತ್ತಿದ್ದಳು, ಯಾರನ್ನೋ ಕರೆಯುತ್ತಿದ್ದಳು, ತಾಯಿಯ ಗುರುತು ಹತ್ತಲಿಲ್ಲ.

ರಾಜಶೇಖರ ಕಾರು ಓಡಿಸಿದ ರೀತಿಗೆ ದಾರಿಯಲ್ಲಿ ಯಾರೂ ಸಾಯಲಿಲ್ಲ ಎನ್ನುವುದೇ ದೊಡ್ಡದು. ಆಸ್ಪತ್ರೆಯಲ್ಲಿ ಕೂಸನ್ನು ಒಂದು ಕಡೆ ಒಯ್ದರು, ತಾಯಿಯನ್ನು ಇನ್ನೊಂದು ಕಡೆ. ಗೌರಕ್ಕ ಎರಡರ ನಡುವಿನ ವರಾಂಡದಲ್ಲಿ ನಿಂತಳು. ಎತ್ತ ಹೋಗಬೇಕು ಅವಳು?

ಬಹಳ ಹೊತ್ತಾದ ಮೇಲೆ ಪ್ರಾಚಿ ಹೊರಗೆ ಬಂದಳು. ಬಾಯಿ ತುಂಬ ಮಾತಾಡುವ ಹುಡುಗಿ ಆ ಹೊತ್ತು ಮಾತು ಹುಡುಕುತ್ತಿದ್ದಳು.

"ರಕ್ತಕ್ಕ ನಂಜು ಏರೇತ್ರಿ. ತಾಯಿಗೂ ಏರೇತಿ, ಕೂಸಿಗೂ ಏರೇತಿ. ತಾಯಿ ವಯಸ್ಸಿನಾಕಿ, ತಡಕೊಂಡಾಳು ಅಂತ ಆಸೆ ಐತಿ. ಕೂಸಿಂದು ಏನೂ ಹೇಳಾಕ ಬರೂದಿಲ್ಲ. ಜ್ವರಾ ಯಾವಾಗ ಸುರು ಆತ್ರಿ ಯವ್ವಾ?"

"ಜ್ವರಾ ಅಂತ ಗೊತ್ತ ಆಗಲಿಲ್ರಿ ಬಾಯಾರ. ಶೆಗಡಿ ಇತ್ತು."

"ಕೆಂಡದ ಮ್ಯಾಲೆ ಮಲಗಿಸಿದ್ರ ತಾಯಿಗೆ ಬಂದ ಜ್ವರಾ ಹೆಂಗ ಗೊತ್ತಾಗಬೇಕ್ರಿ? ನಂಜು ಏರಿದ ಕೂಸು ಒಮ್ಮೊಮ್ಮೆ ಥಣ್ಣಗಾಗ್ತೈತಿ. ಅದೂ ಗೊತ್ತಾಗಂಗಿಲ್ಲ." ಆಮೇಲೆ ಪ್ರಾಚಿ ಕೇಳಿದಳು, "ಆಶಾದವರು ಬಂದು ಬಾಣಂತೀನ್ನ ನೋಡಿದ್ದಿಲ್ಲೇನ್ರಿ?"

"ಬಂದಿದ್ಲು," ಎಂದಳು ಗೌರಕ್ಕ. "ನಾ ಒಳಗ ಬಿಡಲಿಲ್ಲ."

ಯಾಕೆ ಎಂದು ಪ್ರಾಚಿ ಕೇಳಲಿಲ್ಲ. ಬೆಂಚಿನ ಮೇಲೆ ಕುಳಿತಿದ್ದ ನೀಲಕ್ಕ ತಲೆ ಎತ್ತಿ ಒಮ್ಮೆ ಗೌರಕ್ಕನನ್ನು ನೋಡಿ ಮತ್ತೆ ನೆಲ ನೋಡಿದಳು. ಅವಳು ಒಂದು ಮಾತು ಅಂದಿದ್ದರೆ, ಎರಡು ಬೈದಿದ್ದರೆ, ಗೌರಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು. ನೀಲಕ್ಕ ಅದನ್ನೂ ಕೊಡಲಿಲ್ಲ.

ಮರುದಿನ ಮಧ್ಯಾಹ್ನ ಕೂಸು ಹೋಯಿತು. ಸಿದ್ದಪ್ಪ ಅದನ್ನು ತನ್ನ ಧೋತರದ ಅಂಚಿನಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು, ಅಳಿಯನ ಕಾರಿನಲ್ಲಿ ಹೆಬ್ಬಳ್ಳಿಗೆ ಒಯ್ದ. ಹಣೆಗೆ ವಿಭೂತಿ ಹಚ್ಚಿ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಕಿವಿಯಲ್ಲಿ ಹೆಸರು ಹೇಳುವ ಮೊದಲೇ ತೊಟ್ಟಿಲ ಶಾಸ್ತ್ರ ಮುರಿದು ಬಿದ್ದಿತ್ತಲ್ಲ, ಹೆಸರೇ ಇಲ್ಲದೆ ಹೋಯಿತು ಕೂಸು. ಗೌರಕ್ಕ ಹೋಗಲಿಲ್ಲ. ಮಗಳ ಬಾಗಿಲಲ್ಲಿ ಕುಳಿತಿದ್ದಳು. ಹೋದದ್ದು ಹೋಯಿತು, ಇದೊಂದು ಜೀವ ಉಳಿಸಿ ಕೊಡು ಎಂದು ಶಿವನ ಹತ್ತಿರ ಸೆರಗೊಡ್ಡಿ ಬೇಡುತ್ತಿದ್ದಳು.

ಶಿವ ಉಳಿಸಿದನೋ, ಔಷಧ ಉಳಿಸಿತೋ, ದಾಕ್ಷಾಯಿಣಿ ಕಣ್ಣು ಬಿಟ್ಟಳು. ಬಿಟ್ಟವಳು ಕೇಳಿದ ಮೊದಲ ಮಾತು, "ಕೂಸು?"

ಗೌರಕ್ಕ ತಡವರಿಸಲೂ ಇಲ್ಲ. "ಗಾಜಿನ ಪೆಟ್ಟಿಗ್ಯಾಗ ಇಟ್ಟಾರವ್ವಾ. ಮ್ಯಾಲಿನ ಮಾಳಿಗ್ಯಾಗ. ಆರಾಮ ಐತಿ," ಎಂದಳು.

ಹಸಿ ಬಾಣಂತಿಗೆ ಕೂಸು ಸತ್ತ ಸುದ್ದಿ ಹೇಳಬಾರದು, ಎದೆ ಒಡೆದುಕೊಳ್ಳುತ್ತಾಳೆ, ತಲೆಗೆ ಏರುತ್ತದೆ ಎಂದು ಹಿರಿಯರು ಹೇಳುತ್ತ ಬಂದದ್ದು. ಸಿದ್ದಪ್ಪ ಹೌದೆಂದ. ರಾಜಶೇಖರ ಹೂಂ ಎಂದು ಮುಖ ತಿರುಗಿಸಿ ಕಣ್ಣು ಒರೆಸಿಕೊಂಡ. ನೀಲಕ್ಕ ಮಾತ್ರ, "ನನಗ ಆಕಿ ಮುಂದ ನಿಂತು ಸುಳ್ಳು ಹೇಳಾಕ ಬರೂದಿಲ್ರಿ. ನಾ ಹೊರಗ ಕೂಡ್ತೇನಿ," ಎಂದು ದಿನವೂ ಬಂದು ವರಾಂಡದ ಬೆಂಚಿನ ಮೇಲೆ ಕೂರತೊಡಗಿದಳು.

ದಾಕ್ಷಾಯಿಣಿಯ ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿತ್ತು. ನರ್ಸು ಹಿಂಡಿ ತೆಗೆಯುವುದನ್ನು ಹೇಳಿಕೊಟ್ಟಳು. "ಇದನ್ನ ಕೂಸಿಗೆ ಒಯ್ದು ಕುಡಸವ್ವಾ," ಎಂದು ದಾಕ್ಷಾಯಿಣಿ ಸ್ಟೀಲಿನ ವಾಟಗ ಗೌರಕ್ಕನ ಕೈಗೆ ಕೊಟ್ಟಳು. ಎದ್ದು ಕೂರಲು ತ್ರಾಣವಿಲ್ಲ, ಆದರೂ ತಟಕು ತಟಕು ಹಿಂಡಿ ತುಂಬಿಸಿದ್ದಳು. ಗೌರಕ್ಕ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ವರಾಂಡದ ಕೊನೆಗೆ ಹೋಗಿ, ಕೈ ತೊಳೆಯುವ ಬೇಸಿನ್ನಿನಲ್ಲಿ ಸುರುವಿ, ನಲ್ಲಿ ಬಿಟ್ಟಳು. ಬಿಳಿಯ ನೀರು ಕೆಳಗೆ ಇಳಿಯುವ ತನಕ ಅತ್ತಿತ್ತ ನೋಡುತ್ತ ನಿಂತಳು, ಕಳ್ಳರ ಹಾಗೆ.

ದಿನಕ್ಕೆ ಎಷ್ಟೋ ಸಲ ಹೀಗೆ. ವಾಪಸು ಬಂದರೆ ಮಗಳ ಕಣ್ಣು ಬಾಗಿಲಲ್ಲೇ ಇರುತ್ತಿದ್ದವು.

"ಕುಡೀತೇನು?"

"ಕುಡೀತು."

"ಎಲ್ಲಾ?"

"ಒಂದ ಹನೀನೂ ಬಿಡಲಿಲ್ಲ."

ಸುಳ್ಳು ಬಿತ್ತಿದರೆ ಅದಕ್ಕೆ ನೀರೂ ಹಾಕಬೇಕು. ಗೌರಕ್ಕ ಹಾಕಿದಳು. ಇಂದು ಬೆರಳು ಹಿಡಿದುಕೊಂಡಳು ಎಂದಳು. ಇಂದು ಕಣ್ಣು ತೆರೆದು ದೀಪ ನೋಡಿದಳು ಎಂದಳು. ತೂಕ ಏರೇತಂತ ಎಂದಳು. ಹೇಳುತ್ತ ಹೇಳುತ್ತ ಆ ಕೂಸು ಅವಳ ಕಣ್ಣ ಮುಂದೆ ಬೆಳೆಯುತ್ತಲೂ ಹೋಯಿತು. ಒಮ್ಮೊಮ್ಮೆ ಮೆಟ್ಟಿಲು ಹತ್ತಿ ಮೇಲಿನ ಮಾಳಿಗೆಗೆ ಹೋಗಿ ಗಾಜಿನ ಬಾಗಿಲ ಆಚೆ ಮಲಗಿದ ಯಾರದೋ ಕೂಸುಗಳನ್ನು ನೋಡಿ ಬರುತ್ತಿದ್ದಳು. ಇತ್ತ ದಾಕ್ಷಾಯಿಣಿ ಆ ಸುದ್ದಿ ಉಂಡೇ ಚೇತರಿಸಿಕೊಂಡಳು. ಗಂಜಿ ಕುಡಿದಳು, ಗೋಡೆ ಹಿಡಿದು ನಡೆದಳು. ನೋಡಿರಿ, ಹೇಳದೆ ಇದ್ದದ್ದೇ ಛಲೋ ಆಯಿತು ಎಂದಳು ಗೌರಕ್ಕ ಗಂಡನಿಗೆ. ಮಗಳ ಒಳಿತಿಗೆಂದೇ ಮುಚ್ಚಿಟ್ಟಿದ್ದೇನೆ ಎಂದು ಅವಳೂ ನಂಬಿದ್ದಳು. ಒಳಗಿನ ಮಾತು ಬೇರೆ. ಕೂಸು ಹೋಯಿತು ಎಂದರೆ, ಯಾಕೆ ಹೋಯಿತು ಎಂದು ಮಗಳು ಕೇಳುತ್ತಾಳೆ. ಅದಕ್ಕೆ ಉತ್ತರ ಕೊಟ್ಟ ದಿನ ಈ ಮಗಳೂ ತನಗೆ ಉಳಿಯುವುದಿಲ್ಲ. ಗೌರಕ್ಕನಿಗೆ ಇದ್ದದ್ದು ಅದೊಂದೇ ಅಂಜಿಕೆ.

ಈ ನಡುವೆ ಒಂದು ದಿನ ಪೂನಮ್ ಬಂದಳು. ದಾಕ್ಷಾಯಿಣಿಗೆ ನಿದ್ದೆ ಹತ್ತಿತ್ತು. ಪೂನಮ್ ಬೆಂಚಿನ ಹತ್ತಿರ ನಿಂತು ಅತ್ತಳು. "ನಾ ಅವತ್ತ ಜುಲ್ಮಿ ಮಾಡಿ ಒಳಗ ಬರಬೇಕಾಗಿತ್ರಿ ಯವ್ವಾರ. ಮನಸಿಗೆ ಬಂದಿತ್ತು. ಆದ್ರ ನೀವು ಏನಂತೀರೋ ಅಂತ ಎದ್ದು ಹೋದೆ."

"ಬಂದಿದ್ರೂ ನಾ ಬಿಡ್ತಿದ್ದಿಲ್ಲ," ಎಂದಳು ಗೌರಕ್ಕ. "ಅಳಬ್ಯಾಡ ನೀ. ನೀ ಯಾಕ ಅಳ್ತಿ?" ಕುಳಿತುಕೋ ಎಂದು ಪಕ್ಕದಲ್ಲಿ ಜಾಗ ಮಾಡಿದಳು. ಪೂನಮ್ ಕೂರಲಿಲ್ಲ, ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ಅದೇ ಸಂಜೆ ದಾಕ್ಷಾಯಿಣಿ ಕೂದಲು ಬಾಚಿಸಿಕೊಂಡು, "ಅವ್ವಾ, ನಾಳೆ ನಾ ಮ್ಯಾಲೆ ಹೋಗಿ ಕೂಸಿನ್ನ ನೋಡ್ತೇನಿ. ನರ್ಸಬಾಯಿಗೆ ಕೇಳೇನಿ, ಗಾಲಿಕುರ್ಚಿ ಕೊಡ್ತಾರಂತ," ಎಂದಳು. ನರ್ಸು ಈ ಮಾತನ್ನು ಪ್ರಾಚಿಗೆ ಮುಟ್ಟಿಸಿದಳು. ಪ್ರಾಚಿ ಗೌರಕ್ಕನನ್ನು ಹೊರಗೆ ಕರೆದಳು.

"ಮುಂಜಾನೆ ಹೇಳಬೇಕ್ರಿ. ಅವರ ಹಾಲು ನಿಲ್ಲಸೂ ಗುಳಿಗಿನೂ ಕೊಡಬೇಕು. ನೀವು ಹೇಳ್ತೀರೋ, ನಾ ಹೇಳ್ಲೋ?"

ಗೌರಕ್ಕ ನೀಲಕ್ಕನ ಕಡೆ ನೋಡಿದಳು. ನೀಲಕ್ಕ, "ನಿಮ್ಮ ಮಗಳು. ನೀವs ಹೇಳ್ರಿ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಮೆಲ್ಲಗೇ ಹೇಳಿದಳು.

ಮುಂಜಾನೆ ಗೌರಕ್ಕ ಒಳಗೆ ಹೋದಾಗ ದಾಕ್ಷಾಯಿಣಿ ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಹಾಸಿಗೆಯ ಅಂಚಿಗೆ ಕುಳಿತಿದ್ದಳು. ಮಡಿಲಲ್ಲಿ ತುಂಬಿದ ವಾಟಗ. "ಇದನ್ನ ಇವತ್ತ ನಾನs ಕುಡಸ್ತೇನಿ," ಎಂದಳು.

ಗೌರಕ್ಕ ವಾಟಗವನ್ನು ಅವಳ ಕೈಯಿಂದ ತೆಗೆದು ಸ್ಟೂಲಿನ ಮೇಲೆ ಇಟ್ಟಳು. ಎದುರು ನಿಲ್ಲಲಾಗದೆ ನೆಲಕ್ಕೆ ಕುಳಿತಳು.

"ಕೂಸು ಇಲ್ಲವ್ವಾ."

"ಎಲ್ಲಿಗೆ ಒಯ್ದಾರ?"

"ಇಲ್ಲ. ಹೋತು. ನಾವು ಬಂದ ಮರುದಿನಾನ ಹೋತು. ನಿಮ್ಮಪ್ಪ ಊರಾಗ ಮಣ್ಣು ಮಾಡಿ ಬಂದಾರ."

ದಾಕ್ಷಾಯಿಣಿ ಅಳಲಿಲ್ಲ. ಮಗಳು ಎದೆ ಬಡಿದುಕೊಂಡು ಅಳಲಿ, ತನ್ನನ್ನು ಹಿಡಿದು ಜಗ್ಗಲಿ, ಹೊಡೆಯಲಿ ಎಂದು ಗೌರಕ್ಕ ಕಾದಳು. ಮಗಳು ವಾಟಗವನ್ನೇ ನೋಡುತ್ತಿದ್ದಳು.

"ನಿನ್ನೆ ಕೊಟ್ಟಿದ್ದು?" ಎಂದಳು.

"ಚೆಲ್ಲಿದೆ."

"ಮೊನ್ನಿದು?"

"ಎಲ್ಲಾ ಚೆಲ್ಲಿದೆ ನನ್ನವ್ವಾ. ಏನ ಮಾಡ್ಲಿ ನಾ? ನೀ ಉಳೀಲಿ ಅಂತ…"

"ಕೂಸು ಮಲೀ ಹಿಡೀವಲ್ದು ಅಂತ ನಾ ಹೇಳಿದ್ದೆ ನಿನಗ," ಎಂದಳು ದಾಕ್ಷಾಯಿಣಿ. "ಎರಡ ಸಲ ಹೇಳಿದೆ, ಮೂರ ಸಲ ಹೇಳಿದೆ. ಹೇಳಿದ್ನೋ ಇಲ್ಲೋ?"

"ಹೇಳಿದ್ದಿ."

ಹೌದು, ಹೇಳಿದ್ದಳು. ಅದಕ್ಕೆ ಕೊಟ್ಟ ಉತ್ತರವೂ ಗೌರಕ್ಕನಿಗೆ ನೆನಪಿತ್ತು. ಮಗಳಿಗೂ ನೆನಪಿತ್ತು. ಅದನ್ನು ಇಬ್ಬರಲ್ಲಿ ಯಾರೂ ಬಾಯಿಗೆ ತರಲಿಲ್ಲ. ಗೌರಕ್ಕ ಮಗಳ ಪಾದ ಹಿಡಿಯಲು ಕೈ ಚಾಚಿದಳು. ದಾಕ್ಷಾಯಿಣಿ ಕಾಲನ್ನು ಮೇಲೆ ಎಳೆದುಕೊಂಡಳು. ಜೋರಾಗಿ ಎಳೆದುಕೊಳ್ಳಲಿಲ್ಲ. ಮೈಲಿಗೆಯಾದೀತು ಎಂದು ಸರಿದುಕೊಳ್ಳುವವರ ಹಾಗೆ, ಸದ್ದಿಲ್ಲದೆ ಎಳೆದುಕೊಂಡಳು.

ನರ್ಸು ಗುಳಿಗೆ, ನೀರು ತಂದಳು. ಗೌರಕ್ಕ ಎದ್ದು ನೀರಿನ ಗ್ಲಾಸು ತೆಗೆದುಕೊಂಡು ಮಗಳ ಬಾಯಿಗೆ ಹಿಡಿಯಹೋದಳು. ಹುಟ್ಟಿದಾಗಿನಿಂದ ಅವಳಿಗೆ ಗುಳಿಗೆ ನುಂಗಿಸಿದ್ದು ಆ ಕೈಯೇ. ದಾಕ್ಷಾಯಿಣಿ ಮುಖ ಆಚೆ ತಿರುಗಿಸಿದಳು.

"ಗ್ಲಾಸು ನರ್ಸಬಾಯಿ ಕೈಯಾಗ ಕೊಡವ್ವಾ."

ಗೌರಕ್ಕ ಕೊಟ್ಟಳು. ದಾಕ್ಷಾಯಿಣಿ ಗುಳಿಗೆ ನುಂಗಿ, ಗೋಡೆಯ ಕಡೆ ಹೊರಳಿ ಮಲಗಿದಳು. ಬಹಳ ಹೊತ್ತಿನ ಮೇಲೆ ಅವಳ ಬೆನ್ನು ಅಲುಗಾಡಿತು. ಆಗ ಹೇಳಿದಳು, ಎಂದೂ ಇಲ್ಲದ ಮರ್ಯಾದೆಯ ದನಿಯಲ್ಲಿ, ಬೇರೆ ಯಾರಿಗೋ ಹೇಳಿದ ಹಾಗೆ.

"ಹೊರಗ ನಮ್ಮತ್ತಿ ಕುಂತಾರಲ್ಲ, ಅವರನ್ನ ಕಳಸ್ರಿ. ನಾ ಇಲ್ಲಿಂದ ಅವರ ಮನಿಗೆ ಹೋಗ್ತೇನಿ. ಉಳಿದ ಬಾಣಂತನ ಅಲ್ಲೇ ಆಗಲಿ. ನೀವು ಊರಿಗೆ ಹೋಗ್ರಿ."

ನೀವು, ಎಂದಳು. ಹೆತ್ತವಳನ್ನು ಅವಳು ಎಂದೂ ಹಾಗೆ ಕರೆದವಳಲ್ಲ. ಗೌರಕ್ಕ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಬಂದಳು.

ಬೆಂಚಿನ ಮೇಲೆ ನೀಲಕ್ಕ ಎದ್ದು ನಿಂತಿದ್ದಳು.

"ಒಳಗ ಹೋಗ್ರಿ ನೀಲಕ್ಕಾರ. ನಿಮ್ಮನ್ನ ಕರೀತಾಳ," ಎಂದಳು ಗೌರಕ್ಕ. "ಬಾಣಂತನ ನಿಮ್ಮ ಮನ್ಯಾಗ ಆಗಲಿ ಅಂತ. ಕರ್ಕೊಂಡು ಹೋಗ್ರಿ."

ಗೆದ್ದೆನೆಂಬ ಗೆಲುವು ನೀಲಕ್ಕನ ಮುಖದಲ್ಲಿ ಎಲ್ಲೂ ಇರಲಿಲ್ಲ. ಅವಳು ಎರಡು ಹೆಜ್ಜೆ ಹೋದವಳು ಬಾಗಿಲಲ್ಲಿ ನಿಂತು ತಿರುಗಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಗಾಬರಿ ಇತ್ತು.

"ಗೌರಕ್ಕಾರ, ನನಗ ಇದೆಲ್ಲಾ ಏನೂ ತಿಳಿಯೂದಿಲ್ರಿ. ರಾಜು ಹುಟ್ಟಿದಾಗ ಎಲ್ಲಾ ನಮ್ಮವ್ವ ಮಾಡಿದ್ಲು. ಈಗ ಇಂಥಾ ಬಾಣಂತಿಗೆ ಏನ ಉಣಸಲಿ? ಎಷ್ಟು ದಿನಾ ಮಲಗಸಲಿ? ಏನ ಮಾಡ್ಲಿ ಏನ ಬಿಡ್ಲಿ? ಒಂದೀಟು ಹೇಳಿ ಕೊಡ್ರಿ."

ಗೌರಕ್ಕನ ಬಾಯಿಗೆ ಎಲ್ಲ ಬಂದು ನಿಂತವು. ಯಾವ ದಿನ ಯಾವ ಸಾರು, ಎಷ್ಟು ತುಪ್ಪ, ನೀರು ಎಷ್ಟು ಕಾಯಬೇಕು, ಕೂಸಿಲ್ಲದ ಬಾಣಂತಿಯ ಎದೆಗೆ ಯಾವ ಎಲೆ ಕಟ್ಟಬೇಕು, ಎಲ್ಲ. ಊರೆಲ್ಲ ಬಂದು ಕೇಳಿದ ವಿದ್ಯೆ.

"ನನ್ನ ಕೇಳಬ್ಯಾಡ್ರಿ," ಎಂದಳು. "ಡಾಕ್ಟರ್ ಬಾಯಾರನ್ನ ಕೇಳ್ರಿ."

ನೀಲಕ್ಕ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಒಳಗಿನಿಂದ ದಾಕ್ಷಾಯಿಣಿ ಅತ್ತೆಯನ್ನು ತಬ್ಬಿ ಜೋರಾಗಿ ಅಳುವುದು ಕೇಳಿಸಿತು. ಗೌರಕ್ಕ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಹೆಬ್ಬಳ್ಳಿಯ ಬಸ್ಸು ಹಿಡಿಯಲು ಮೆಟ್ಟಿಲು ಇಳಿದಳು.